ಹನ್ನೊಂದನೇ ರೂಮಿನ ದೀಪ

"ನಿಮ್ಮಲ್ಲಿ ರಿಸೆಪ್ಷನ್ ಎಷ್ಟು ಗಂಟೆಗೆ ಮುಚ್ಚುತ್ತೆ?"

ಫೋನಿನಲ್ಲಿ ಈ ಪ್ರಶ್ನೆ ಕೇಳಿದ್ದೇ ತಡ, ಅವಳ ಕೈಯಲ್ಲಿದ್ದ ಪೆನ್ನು ಗಕ್ಕನೆ ನಿಂತಿತು. ಹದಿನಾಲ್ಕು ವರ್ಷದಿಂದ ಈ ಹೋಟೆಲಿನ ಫೋನು ಎತ್ತುತ್ತಿದ್ದಾಳೆ. ರೂಮು ಬೇಕೆನ್ನುವ ಜನ ಏನೇನು ಕೇಳುತ್ತಾರೆ ಅನ್ನುವುದು ಅವಳಿಗೆ ಬಾಯಿಪಾಠ. ಬಿಸಿನೀರು ಬರುತ್ತಾ, ಮಂಚ ಒಂದಾ ಎರಡಾ, ಆಸ್ಪತ್ರೆಗೆ ನಡೆದು ಹೋಗಬಹುದಾ. ಮುಚ್ಚುವ ಹೊತ್ತು ಕೇಳುವವರು ಎರಡೇ ಬಗೆ. ಒಂದು, ಕುಡಿದು ತಡವಾಗಿ ಬರುವ ಅಂದಾಜಿರುವವರು. ಇನ್ನೊಂದು, ಹೋಟೆಲುಗಳಿಗೆ ಸ್ಟಾರ್ ಕೊಡುವ ಮಂಡಳಿಯ ತಪಾಸಣೆಯವರು. ಈ ದನಿಯಲ್ಲಿ ಕುಡಿತದ ಗಂಧಗಾಳಿಯೂ ಇರಲಿಲ್ಲ.

ಅದೂ ಅಲ್ಲದೆ ಈ ದನಿ ಅವಳಿಗೆ ಗೊತ್ತು. ಮೂರು ವರ್ಷದ ಹಿಂದೆ ಒಂದೇ ಒಂದು ದಿನ ಕೇಳಿದ್ದು. ಮರೆತಿದ್ದೇನೆ ಅಂತ ಅವಳು ತನಗೆ ತಾನೇ ಹೇಳಿಕೊಂಡಿದ್ದಳು, ಅಷ್ಟೆ.

ಇದು ಅವನೇ. ಕುರ್ಚಿಯವನು.

ನಾಳೆ ಸಂಜೆಗೆ ಒಂದು ರೂಮು ಬೇಕು, ಒಬ್ಬರಿಗೆ, ಒಂದು ರಾತ್ರಿಗೆ ಅಂದ. ಆಗಲಿ ಅಂದಳು. ಹನ್ನೊಂದನೇ ನಂಬರು ಅಂತ ಬರೆದುಕೊಂಡು ಫೋನಿಟ್ಟಳು. ಇಟ್ಟ ಮೇಲೆ ಪುಸ್ತಕ ನೋಡಿದರೆ ಹನ್ನೊಂದು ಅಂತ ಎರಡು ಸಲ ಬರೆದಿದ್ದಳು. ಮೂವತ್ನಾಲ್ಕು ತುಂಬಿದವಳು, ಮದುವೆ ಮಾತೆತ್ತಿದವರಿಗೆಲ್ಲ ಹದಿನೆಂಟು ರೂಮಿನ ಬೀಗದ ಕೈಗೊಂಚಲು ತೋರಿಸಿ ನಕ್ಕುಬಿಡುತ್ತಿದ್ದವಳು, ಇದೇನು ಹುಡುಗಾಟ ಅಂತ ಒಂದನ್ನು ಹೊಡೆದುಹಾಕಿದಳು.

ಆಸ್ಪತ್ರೆಯ ದೊಡ್ಡ ಗೇಟಿಗೆ ಎದುರಾಗಿ ನಿಂತ ಆ ಹೋಟೆಲು ಅವಳ ಸೋದರಮಾವನದು. ಮೂರು ಅಂತಸ್ತು, ಹದಿನೆಂಟು ರೂಮು. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿ ಸಲಹಿದವರು ಆ ಮಾವ. ಮೊಣಕಾಲು ಕೈಕೊಟ್ಟ ಮೇಲೆ ಅವರು ಮೆಟ್ಟಿಲು ಹತ್ತುವುದು ಬಿಟ್ಟು ಕೆಳಗಿನ ಕೌಂಟರಿಗೇ ಅಂಟಿಕೊಂಡಿದ್ದರು. ಮೇಲಿನದೆಲ್ಲ ಅವಳದೇ ರಾಜ್ಯ.

ಬಾಗಿಲ ಪಕ್ಕ ಒಂದು ಹಿತ್ತಾಳೆ ಫಲಕ. ಅದರಲ್ಲಿ ಎರಡು ಸ್ಟಾರು, ಪಕ್ಕಕ್ಕೆ ಇನ್ನೊಂದು ಸ್ಟಾರು ಕೂರುವಷ್ಟು ಖಾಲಿ ಜಾಗ. ಮಾವ ಹಾಗೇ ಹೇಳಿ ಮಾಡಿಸಿದ್ದು. ದಿನಾ ಬೆಳಿಗ್ಗೆ ಫಲಕ ಉಜ್ಜುವಾಗ ಸ್ಟಾರು ಇರುವ ಕಡೆಗಿಂತ ಇಲ್ಲದ ಕಡೆಯನ್ನೇ ಜಾಸ್ತಿ ಉಜ್ಜುತ್ತಿದ್ದರು.

ಆ ಮೂರನೇ ಸ್ಟಾರು ಬರಬಾರದು ಅಂತ ಅವಳ ಹಟ. ಯಾಕೆ ಅಂತ ಹೇಳಿಬಿಡುತ್ತೇನೆ. ಆಸ್ಪತ್ರೆಯವರ ಹತ್ತಿರ ಒಂದು ಪಟ್ಟಿಯಿತ್ತು. ದೂರದೂರಿಂದ ಬಂದ ರೋಗಿಗಳ ಮನೆಯವರು ಆ ಪಟ್ಟಿಯ ಹೋಟೆಲಿನಲ್ಲಿ ಉಳಿದರೆ ಬಾಡಿಗೆಯ ಮುಕ್ಕಾಲು ಪಾಲು ಆಸ್ಪತ್ರೆಯದೇ. ಆದರೆ ಪಟ್ಟಿಯಲ್ಲಿ ಎರಡು ಸ್ಟಾರಿನವರೆಗಿನ ಹೋಟೆಲಿಗೆ ಮಾತ್ರ ಜಾಗ. ಮೂರನೇದು ಬಂತೋ, ಹೆಸರು ಹೊಡೆದುಹೋಗುತ್ತದೆ. ಪಟ್ಟಿಯಲ್ಲಿದ್ದ ಇನ್ನೊಂದು ಹೋಟೆಲಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಆಪರೇಷನ್ ಥಿಯೇಟರಿನಲ್ಲಿ ಗಂಡನನ್ನೋ ಮಗುವನ್ನೋ ಬಿಟ್ಟು ಮುಕ್ಕಾಲು ಗಂಟೆ ದೂರ ಹೋಗಿ ಮಲಗು ಅಂದರೆ ಯಾರ ಕಣ್ಣಿಗೆ ನಿದ್ದೆ ಹತ್ತೀತು?

ಮಾವ ಕೆಟ್ಟವರೇನಲ್ಲ. ಆರು ವರ್ಷದ ಹಿಂದೆ ಅತ್ತೆ ಅದೇ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ ಕಣ್ಣು ಮುಚ್ಚಿದರು. ಕೌಂಟರಿನಲ್ಲಿ ಕೂತರೆ ಆ ಕಿಟಕಿ ಕಾಣುತ್ತದೆ. "ಅತ್ತು ಕೆಂಪಾದ ಕಣ್ಣು ನೋಡಿ ನೋಡಿ ಸಾಕಾಗಿದೆ ಕಣೇ," ಅನ್ನುತ್ತಿದ್ದರು. "ಒಂದು ಸ್ಟಾರ್ ಮೇಲೆ ಹೋದ್ರೆ ನಗೋ ಜನ ಬರ್ತಾರೆ." ಅದಕ್ಕೆ ಅಂತಲೇ ಮಂಡಳಿಯ ಪುಸ್ತಕ ತರಿಸಿ, ಮೂರು ಸ್ಟಾರಿಗೆ ಏನೇನು ಬೇಕೋ ಒಂದೂ ಬಿಡದೆ ಕೊಂಡಿದ್ದರು. ಪ್ರತಿ ರೂಮಿಗೆ ಮಂಚದ ಪಕ್ಕ ಓದುವ ದೀಪ, ಪೆಟ್ಟಿಗೆ ಇಡಲು ಮಡಚುವ ಸ್ಟ್ಯಾಂಡು, ಎಲ್ಲ.

ಮಾವನಿಗೆ ಬೇಡ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಹೂಂ ಅನ್ನಲು ಮನಸ್ಸು ಒಪ್ಪಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಅವಳು ಕಂಡುಕೊಂಡ ಉಪಾಯ ಇದು: ಮೂರು ವರ್ಷಕ್ಕೊಮ್ಮೆ ತಪಾಸಣೆಯವನು ಬರುವ ಸುಳಿವು ಸಿಕ್ಕ ಕೂಡಲೇ ಹದಿನೆಂಟು ದೀಪ, ಹದಿನೆಂಟು ಸ್ಟ್ಯಾಂಡು ಎರಡನ್ನೂ ತಾರಸಿಯ ಮೇಲಿನ ನೀರಿನ ಟ್ಯಾಂಕಿನ ಕೋಣೆಗೆ ಸಾಗಿಸುವುದು. ರೂಮಿನಲ್ಲಿ ಉಳಿದುಕೊಂಡವರು ಕೇಳಿದರೆ ವೈರಿಂಗ್ ನೋಡುತ್ತಿದ್ದಾರೆ ಅನ್ನುವುದು. ತಪಾಸಣೆಯವನು ಹೋದ ಮೇಲೆ ಎಲ್ಲ ಮತ್ತೆ ಅದರದರ ಜಾಗಕ್ಕೆ. ಹೋದ ಸಲದ ವರದಿ ಬಂದಾಗ ಒಡೆದು ಓದಿದವಳೂ ಅವಳೇ. "ಆರು ಅಂಕ ಕಡಿಮೆ ಬಿತ್ತು ಮಾವ," ಅಂದಳು. ಯಾವುದಕ್ಕೆ ಅಂತ ಮಾವ ಕೇಳಲಿಲ್ಲ. ಅವಳ ಮೇಲೆ ಅಷ್ಟು ನಂಬಿಕೆ. ಆ ನಂಬಿಕೆ ಮೂರು ವರ್ಷದಿಂದ ಅವಳ ಗಂಟಲಲ್ಲಿ ಮುಳ್ಳಾಗಿತ್ತು.

ಆ ವರದಿಯಲ್ಲಿ ಅವಳು ಮಾವನಿಗೆ ಓದಿ ಹೇಳದ ಇನ್ನೊಂದು ಸಾಲಿತ್ತು. ಕೊನೆಯ ಪುಟದಲ್ಲಿ, ಷರಾ ಅನ್ನುವ ಕಡೆ, ಸಣ್ಣ ದುಂಡು ಅಕ್ಷರದಲ್ಲಿ: "ಈ ಹೋಟೆಲಿನಲ್ಲಿ ಯಾರೋ ಒಬ್ಬರು ಬಾಗಿಲುಗಳನ್ನು ಸದ್ದಾಗದಂತೆ ಹಾಕುತ್ತಾರೆ. ಇದಕ್ಕೆ ನಮ್ಮಲ್ಲಿ ಅಂಕವಿಲ್ಲ."

ಆ ಯಾರೋ ಒಬ್ಬರು ಅವಳೇ. ರಾತ್ರಿಯಿಡೀ ಆಸ್ಪತ್ರೆಯಲ್ಲಿ ಕೂತು ಬೆಳಿಗ್ಗೆ ಬಂದು ಮಲಗುವ ಜನರಿರುವ ಜಾಗ, ಬಾಗಿಲು ಧಡಾರೆಂದರೆ ಆದೀತೇ. ಹದಿನಾಲ್ಕು ವರ್ಷದಲ್ಲಿ ಅದನ್ನು ಗಮನಿಸಿದವನು ಇವನೊಬ್ಬ.

ಅವಳೂ ಅವನನ್ನು ಗಮನಿಸಿದ್ದಳು. ರೂಮು ಶುಚಿ ಮಾಡುವವರಿಗೆ ಜನರನ್ನು ಓದಲು ಮುಖವೇ ಬೇಕಿಲ್ಲ. ಅವನು ಹೋದ ಮೇಲೆ ಹನ್ನೊಂದನೇ ರೂಮಿಗೆ ಕಾಲಿಟ್ಟರೆ ಟವೆಲು ಮಡಚಿತ್ತು, ಬಚ್ಚಲಿನ ನೆಲ ಒರೆಸಿತ್ತು. ಕುರ್ಚಿಯೊಂದು ಕೋಣೆಯ ನಟ್ಟನಡುವೆ, ಸೂರಿನ ಬಲ್ಬಿನ ಸರಿಯಾಗಿ ಕೆಳಗೆ ನಿಂತಿತ್ತು. ಪಕ್ಕದಲ್ಲಿ ಬಸ್ ಟಿಕೆಟು, ಪುಸ್ತಕದಲ್ಲಿ ಗುರುತಿಗೆ ಇಟ್ಟಿದ್ದಿರಬೇಕು, ಬಿದ್ದುಹೋಗಿತ್ತು. ಓದದೆ ನಿದ್ದೆ ಬಾರದ ಮನುಷ್ಯ. ಮಂಚದ ಪಕ್ಕ ದೀಪವಿಲ್ಲದೆ, ಬಲ್ಬಿನ ಕೆಳಕ್ಕೆ ಕುರ್ಚಿ ಎಳೆದುಕೊಂಡು ಓದಿದ್ದಾನೆ. ದೀಪ ಎತ್ತಿಟ್ಟವಳು ತಾನು. ಆ ಟಿಕೆಟು ಇವತ್ತಿಗೂ ಅವಳ ಮೇಜಿನ ಡ್ರಾಯರಿನಲ್ಲಿದೆ. ಯಾಕೆ ಇಟ್ಟುಕೊಂಡಿದ್ದಾಳೆ ಅಂತ ಕೇಳಬೇಡಿ, ಅವಳಿಗೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆಯೇ ಬಟ್ಟೆ ಒಗೆಯುವ ಅಕ್ಕನನ್ನು ಕಟ್ಟಿಕೊಂಡು ಅವಳು ಸಾಗಣೆ ಶುರು ಮಾಡಿದಳು. ಹದಿನೆಂಟು ಸ್ಟ್ಯಾಂಡು ಮೇಲೆ ಹೋದವು. ಹದಿನೇಳು ದೀಪ ಮೇಲೆ ಹೋದವು. ಹನ್ನೊಂದನೇ ರೂಮಿನ ದೀಪಕ್ಕೆ ಕೈ ಹಾಕಿದಳು, ಪ್ಲಗ್ಗು ಕಿತ್ತಳು, ಒಂದು ನಿಮಿಷ ನಿಂತಳು, ಮತ್ತೆ ಸಿಕ್ಕಿಸಿದಳು. ಸ್ಟ್ಯಾಂಡಿಗೇ ಅಂಕ ಹೋಗುತ್ತದೆ, ಒಂದು ದೀಪದಿಂದ ಏನಾಗುತ್ತದೆ ಅಂದುಕೊಂಡಳು. ಜಾಣರು ತಪ್ಪು ಮಾಡುವುದೇ ಹೀಗೆ, ಲೆಕ್ಕ ಹಾಕಿ.

ಸಂಜೆ ಐದಕ್ಕೆ ಅವನು ಬಂದ. ಕಿವಿಯ ಹತ್ತಿರ ಒಂದೆರಡು ಬಿಳಿಕೂದಲು, ಅದೇ ಕಂದು ಚೀಲ. ಒಂದು ಹೋಟೆಲಿಗೆ ಒಬ್ಬನೇ ಎರಡು ಸಲ ತಪಾಸಣೆಗೆ ಬರುವುದು ಕಡಿಮೆ ಅಂತ ಅವಳಿಗೆ ಗೊತ್ತಿತ್ತು. ಈತ ಯಾಕೆ ಬಂದ? ಬೆಳಗಿನವರೆಗೆ ಸಾಮಾನ್ಯ ಗಿರಾಕಿಯ ಹಾಗೇ ಇರಬೇಕು ಅನ್ನುವುದು ಮಂಡಳಿಯ ಕಟ್ಟಳೆ. ಅವನು ಅವಳನ್ನು ಗುರುತಿಲ್ಲದವನ ಹಾಗೆ ನೋಡಿದ. ಅವಳೂ ಹಾಗೇ ನೋಡಿದಳು. ನೋಟಗಳು ಒಂದಕ್ಕೊಂದು ತಾಗಿದ ಕೂಡಲೇ ಇಬ್ಬರೂ ರಿಜಿಸ್ಟರಿನ ಕಡೆ ಕಣ್ಣು ತಿರುಗಿಸಿದರು.

ಉದ್ಯೋಗ ಅನ್ನುವ ಕಡೆ ಅವನು ಗಡಿಯಾರದ ವ್ಯಾಪಾರ ಅಂತ ಬರೆದ.

"ಓ, ಗಡಿಯಾರದವರಾ," ಅಂದಳು ಅವಳು ಮುಖದಲ್ಲಿ ನಗೆ ಸುಳಿಯದ ಹಾಗೆ. "ಹಾಗಾದ್ರೆ ಬಂದ ಟೈಮ್ ನೀವೇ ಬರೆದುಬಿಡಿ."

ಅವನು ಮಣಿಕಟ್ಟು ನೋಡಿಕೊಂಡ. ಬರಿಗೈ. ಕಿವಿ ಸ್ವಲ್ಪ ಕೆಂಪಾಯಿತು.

"ಎಲ್ಲಾ ಮಾರಿಹೋಯ್ತು," ಅಂದ.

ಅವಳು ನಗು ತಡೆಯಲು ತುಟಿ ಕಚ್ಚಿಕೊಂಡು ಬೀಗದ ಕೈ ಹುಡುಕುವ ನೆಪದಲ್ಲಿ ಆ ಕಡೆ ತಿರುಗಿದಳು. ಹನ್ನೊಂದನೇ ನಂಬರಿನ ಕೈ ಅವಳ ಮುಷ್ಟಿಯಲ್ಲೇ ಇತ್ತು.

ಕತ್ತಲಾಗುವ ಮೊದಲು ಕೆಳಗಿನ ಹಾಲಿನಲ್ಲಿ ಒಬ್ಬರು ಅಜ್ಜಿ ಬಂದು ಕೂತರು. ಎರಡನೇ ಮಹಡಿಯವರು, ಗಂಡನ ಹೃದಯದ ಆಪರೇಷನ್ನಿಗೆ ಅಂತ ಬಂದು ಹದಿಮೂರು ದಿನವಾಗಿತ್ತು. ಡಾಕ್ಟರು ಆ ದಿನ ಹೇಳಿದ್ದನ್ನೆಲ್ಲ ಅಜ್ಜಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಎಂದೂ ರೂಮಿನಲ್ಲೇ ಬರೆಯುತ್ತಿದ್ದವರು ಇವತ್ತು ಕೆಳಗೆ ಬಂದಿದ್ದಾರೆ. "ಮಂಚದ ಪಕ್ಕದ ದೀಪ ಬೆಳಿಗ್ಗೆಯಿಂದ ಕಾಣ್ತಿಲ್ಲ ಕಣಮ್ಮ," ಅಂದರು ಅವಳಿಗೆ. ವೈರಿಂಗ್ ಅಜ್ಜಿ, ಅಂದಳು ಅವಳು, ಮೆಲ್ಲಗೆ. ಪೇಪರು ಓದುತ್ತ ಪಕ್ಕದಲ್ಲೇ ಕೂತಿದ್ದ ಗಡಿಯಾರದ ವ್ಯಾಪಾರಿ ಪುಟ ತಿರುಗಿಸುವುದನ್ನು ನಿಲ್ಲಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ, ಹಾಗೆ ಅವಳ ಕೈ ತನ್ನಷ್ಟಕ್ಕೆ ಬೀಗದ ಕೈಗೊಂಚಲಿನ ಮೇಲೆ ಹೋಯಿತು.

ಅಜ್ಜಿಗೆ ಇನ್ನೊಂದು ತೊಡಕಿತ್ತು. ಶನಿವಾರ ಮಗ ಬರುತ್ತಾನೆ, ಫೋನಿನಲ್ಲಿ ನೋಡಿ ಎಲ್ಲೋ ನಾಲ್ಕೂವರೆ ಸ್ಟಾರಿನ ಹೋಟೆಲು ಸಿಕ್ಕಿದೆ, ಅಮ್ಮ ಎರಡು ಸ್ಟಾರಿನಲ್ಲಿ ಯಾಕಿರಬೇಕು, ಅಲ್ಲಿಗೆ ಹೋಗೋಣ ಅನ್ನುತ್ತಿದ್ದಾನೆ. ನಾಲ್ಕೂವರೆ ಅಂದರೆ ಇದಕ್ಕಿಂತ ಎರಡರಷ್ಟು ಒಳ್ಳೆಯದಾ ಅಂತ ಅಜ್ಜಿ ಇಂಥವರನ್ನು ಅಂತಿಲ್ಲದೆ ಕೇಳಿದರು.

ವ್ಯಾಪಾರಿ ಪೇಪರು ಮಡಚಿಟ್ಟ. ಪಾಪ, ತಡೆದುಕೊಳ್ಳಲಾಗಲಿಲ್ಲ. ಫೋನಿನಲ್ಲಿ ಕಾಣುವುದು ಉಳಿದು ಹೋದ ಜನ ಕೊಟ್ಟ ಸ್ಟಾರು ಅಜ್ಜಿ, ಬಾಗಿಲಲ್ಲಿರುವುದು ಎಣಿಸಿ ಕೊಟ್ಟ ಸ್ಟಾರು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಅಂದ. ಜನ ಕೊಡುವುದು ಖುಷಿಗೆ, ಸಿಟ್ಟಿಗೆ, ಒಂದೊಂದು ಸಲ ಬೆಳಗಿನ ಕಾಫಿಗೆ. ಮಂಡಳಿಯವರು ಕೊಡುವುದು ವಸ್ತುವಿಗೆ, ಸೇವೆಯ ಗಂಟೆಗೆ. ಒಂದು ಅಂದರೆ ಮಂಚ, ಬಾಗಿಲಿಗೆ ಚಿಲಕ, ಶುಚಿ. ಎರಡು ಅಂದರೆ ಅದರ ಮೇಲೆ ಪ್ರತಿ ರೂಮಿಗೂ ತನ್ನದೇ ಬಚ್ಚಲು, ದಿನಾ ಗುಡಿಸಿ ಒರೆಸುವುದು. ಮೂರಕ್ಕೆ ಹೋದರೆ ಓದುವ ದೀಪ, ಪೆಟ್ಟಿಗೆ ಇಡುವ ಸ್ಟ್ಯಾಂಡು, ರಿಸೆಪ್ಷನ್ನಿನಲ್ಲಿ ಹೊತ್ತು ಮೀರುವವರೆಗೂ ಜನ. ನಾಲ್ಕು, ಐದಕ್ಕೆ ಈಜುಕೊಳ, ಹತ್ತು ಬಗೆಯ ದಿಂಬು, ಚೀಲ ಹೊರುವವರು. ಅದೂ ಒಂದೊಂದು ದೇಶದಲ್ಲಿ ಒಂದೊಂದು ಲೆಕ್ಕ, ಅಲ್ಲಿಯ ಮೂರು ಇಲ್ಲಿಯ ಮೂರಲ್ಲ.

"ಗಡಿಯಾರ ಮಾರೋರಿಗೆ ಇಷ್ಟೆಲ್ಲ ಗೊತ್ತಿರುತ್ತಾ?" ಅಂದಳು ಅವಳು ಕೌಂಟರಿನಿಂದಲೇ.

"ಊರೂರು ತಿರುಗ್ತೀನಲ್ಲ," ಅಂದ ಅವನು, ಈ ಕಡೆ ನೋಡದೆ.

ಅಜ್ಜಿಗೆ ಇದ್ಯಾವುದೂ ಬೇಕಿರಲಿಲ್ಲ. ನಾನು ಎಲ್ಲಿರಲಪ್ಪ, ಅದನ್ನು ಹೇಳು ಅಂದರು. ನಿಮಗೆ ಏನು ಬೇಕು ಅಂತ ಅವನು ತಿರುಗಿ ಕೇಳಿದ. ಅಜ್ಜಿ ಯೋಚನೆ ಮಾಡಿ, ಆಸ್ಪತ್ರೆಯಿಂದ ಫೋನ್ ಬಂದರೆ ಐದು ನಿಮಿಷದಲ್ಲಿ ಓಡಬೇಕು, ಬರೆಯೋಕೆ ಬೆಳಕು ಬೇಕು, ರಾತ್ರಿ ಎಚ್ಚರವಾದರೆ ಕೆಳಗೆ ಯಾರಾದರೂ ಇರಬೇಕು ಅಂದರು.

"ಹಾಗಾದ್ರೆ ನೀವು ಸ್ಟಾರ್ ನೋಡಬೇಡಿ. ಇವನ್ನ ನೋಡಿ," ಅಂದ. "ಈಜುಕೊಳ ನಿಮ್ಮ ಕಷ್ಟಕ್ಕೆ ಬರಲ್ಲ."

ಹೇಳುತ್ತ ಹೇಳುತ್ತ ಅವನ ಕಣ್ಣು ಕೌಂಟರಿನ ಕಡೆ ಬಂತು. ಈ ಸಲ ಅವಳು ತಿರುಗಿಕೊಳ್ಳಲಿಲ್ಲ, ಅವನೂ ತಿರುಗಲಿಲ್ಲ. ಈ ಮನುಷ್ಯ ಏನು ತಿಳಿದುಕೊಳ್ಳಲು ಬಂದಿದ್ದಾನೆ ಅನ್ನುವ ಕುತೂಹಲ ಅವಳಿಗೆ ಹೆದರಿಕೆಗಿಂತ ಒಂದು ಗುಲಗಂಜಿ ಜಾಸ್ತಿಯೇ ಇತ್ತು.

ಬೆಳಿಗ್ಗೆ ಎಂಟಕ್ಕೆ ಅವನು ಕಾರ್ಡು ತೋರಿಸಿ, ಮಾವನಿಗೆ ಕೈಮುಗಿದು, ರೂಮು ನೋಡಬೇಕು ಅಂದ. ಮಾವನ ಮುಖ ಅರಳಿತು. ಕೌಂಟರಿನಿಂದಲೇ, ಎಲ್ಲ ಇದೆ ಸಾರ್, ಒಂದೂ ಬಿಟ್ಟಿಲ್ಲ ಅಂದರು. ಅವಳು ನೆಲ ನೋಡುತ್ತ ಬೀಗದ ಕೈಗೊಂಚಲು ಹಿಡಿದು ಅವನ ಹಿಂದೆ ಮೆಟ್ಟಿಲು ಹತ್ತಿದಳು.

ಅವನು ಕಪಾಟು ತೆರೆದು ಹ್ಯಾಂಗರು ಎಣಿಸಿದ, ನಲ್ಲಿ ತಿರುಗಿಸಿದ, ಟೇಪು ಹಿಡಿದು ಮಂಚ ಅಳೆದ. ಒಂದೊಂದು ರೂಮಿನಲ್ಲೂ ಮಂಚದ ಪಕ್ಕದ ಮೇಜಿನ ಹತ್ತಿರ ಬಗ್ಗಿ ನೋಡಿದ. ಮೂರನೇ ಮಹಡಿಯ ಕೊನೆಯ ರೂಮಿನಲ್ಲಿ ಕಡತ ಮುಚ್ಚಿದ.

"ನನ್ನ ರೂಮಲ್ಲಿ ದೀಪ ಇತ್ತು. ಉಳಿದ ಹದಿನೇಳರಲ್ಲಿ ಇಲ್ಲ."



ಮೇಜಿನ ಮರ ಬಿಸಿಲಿಗೆ ಬಣ್ಣ ಕಳೆದುಕೊಂಡಿದೆ, ಒಂದು ದುಂಡು ಜಾಗ ಮಾತ್ರ ಕಪ್ಪಗೆ ಉಳಿದಿದೆ, ಅಲ್ಲಿ ಏನೋ ನಿಂತಿತ್ತು ಅಂದ. ಇದನ್ನು ಹೋದ ಸಲವೂ ಕಂಡಿದ್ದನಂತೆ. ಏನಿರಬಹುದು, ಯಾಕಿಲ್ಲ ಅಂತ ತಲೆ ಕೆಡಿಸಿಕೊಂಡು ಮೂರು ವರ್ಷ ಕಳೆದನಂತೆ. ಕೊನೆಗೆ ಜತೆಯವನಿಗೆ ಸಮುದ್ರ ತೀರದ ಎರಡು ಐದು ಸ್ಟಾರ್ ಹೋಟೆಲು ಬಿಟ್ಟುಕೊಟ್ಟು ಈ ಫೈಲು ತೆಗೆದುಕೊಂಡನಂತೆ. ಇದನ್ನು ಹೇಳುವಾಗ ಮತ್ತೆ ಕಿವಿ ಕೆಂಪಾಯಿತು.

"ತಪಾಸಣೆಗೆ ಬಂದವನಿಗೆ ಅಂತ ಬೇರೆ ಅನುಕೂಲ ಮಾಡಿದ್ರೆ ಏನಾಗುತ್ತೆ, ಗೊತ್ತಲ್ವಾ?"

"ಗೊತ್ತು. ಇರೋ ಸ್ಟಾರೂ ಹೋಗುತ್ತೆ." ಅಂದಳು ಅವಳು. ಸ್ಟಾರೇ ಇಲ್ಲದ ಹೋಟೆಲಿಗೂ ಆ ಪಟ್ಟಿಯಲ್ಲಿ ಜಾಗವಿಲ್ಲ. ಒಂದು ದೀಪದಿಂದ ಅಜ್ಜಿಯಂಥವರ ಬಾಗಿಲು ತಾನೇ ಮುಚ್ಚಿದ ಹಾಗಾಗುತ್ತಿತ್ತು.

"ಗೊತ್ತಿದ್ದೂ ಇಟ್ರಾ?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಅವಳು ತಲೆಯೆತ್ತಿದಳು.

"ತಪಾಸಣೆಗೆ ಬಂದವರಿಗೆ ಇಟ್ಟಿದ್ದಲ್ಲ. ಹೋದ ಸಲ ಕುರ್ಚಿ ಎಳೆದುಕೊಂಡು ಓದಿದವರಿಗೆ ಇಟ್ಟಿದ್ದು."

ಅವಳು ಅವನನ್ನು ತಾರಸಿಗೆ ಕರೆದುಕೊಂಡು ಹೋಗಿ ಟ್ಯಾಂಕಿನ ಕೋಣೆಯ ಬೀಗ ತೆಗೆದಳು. ಬಿಳಿ ಬಟ್ಟೆ ಹೊದ್ದು ಹದಿನೇಳು ದೀಪ ಸಾಲಾಗಿ ನಿಂತಿದ್ದವು, ಗೋಡೆಗೆ ಒರಗಿ ಹದಿನೆಂಟು ಸ್ಟ್ಯಾಂಡು. ಪಟ್ಟಿಯ ಕತೆ, ಅತ್ತೆಯ ಕತೆ, ಮಾವನ ಫಲಕದ ಕತೆ ಎಲ್ಲ ಹೇಳಿದಳು. ಅವನು ಮಧ್ಯೆ ಬಾಯಿ ಹಾಕದೆ ಕೇಳಿದ. ಮುಗಿದ ಮೇಲೆ ಒಂದು ಸ್ಟ್ಯಾಂಡು ಬಿಡಿಸಿ ಅದರ ಮೇಲೆ ಕೂತು ನಗಲು ಶುರು ಮಾಡಿದ.

"ಅಲ್ರೀ, ಹನ್ನೊಂದು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಇಲ್ಲದ್ದನ್ನ ಇದೆ ಅಂತ ತೋರಿಸೋರನ್ನ ಬೇಕಾದಷ್ಟು ನೋಡಿದೀನಿ. ಪಕ್ಕದ ಹೋಟೆಲಿಂದ ಕನ್ನಡಿ ಎರವಲು ತಂದು ನೇತುಹಾಕಿದವರಿದಾರೆ. ಇರೋದನ್ನ ಇಲ್ಲ ಅಂತ ತೋರಿಸಿದವರು ನೀವೊಬ್ರೇ."

ಅವಳಿಗೂ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರು ಬಂತು. ಅವನು ನಗು ನಿಲ್ಲಿಸಿ ಕಡತ ತೆರೆದು ಅರ್ಜಿಯ ನಾಲ್ಕನೇ ಪುಟದ ಕೆಳಗೆ ಬೆರಳಿಟ್ಟ. ಅಲ್ಲೊಂದು ಚಿಕ್ಕ ಚೌಕ. ಅರ್ಹತೆಯಿದ್ದರೂ ಕೆಳಗಿನ ದರ್ಜೆಯೇ ಸಾಕು ಅಂತ ಕೇಳಿಕೊಳ್ಳುವವರು ಗುರುತು ಹಾಕಬೇಕಾದ ಜಾಗ. ದೀಪವೂ ಇರಬಹುದು, ಎರಡು ಸ್ಟಾರೂ ಇರಬಹುದು. ಅದಕ್ಕೆ ಯಾರೂ ಗುರುತು ಹಾಕಿದ್ದನ್ನು ತಾನು ನೋಡೇ ಇಲ್ಲ ಅಂದ. ಇಷ್ಟೇನಾ ಅಂತ ಅವಳು ಆ ಚೌಕವನ್ನೇ ನೋಡಿದಳು. ಬೆರಳ ತುದಿಯಷ್ಟಿತ್ತು.

"ಇಷ್ಟೇ. ಆದ್ರೆ ಮಾಲೀಕರ ರುಜು ಬೇಕು."

ಮಾವನ ಮುಂದೆ ಬಾಯಿಬಿಡದೆ ಇರಲು ತಾನೇ ಇಷ್ಟೆಲ್ಲ ಮಾಡಿದ್ದು.

"ಇನ್ನೊಂದು ವಿಷಯ," ಅಂದ ಅವನು, ಕಡತದ ಕೊನೆಯ ಪುಟ ತಿರುವುತ್ತ. "ಈ ವರದಿ ನಾನು ಬರೆಯೋ ಹಾಗಿಲ್ಲ. ಈ ಹೋಟೆಲಿನವರ ಜತೆ ನನಗೆ ಯಾವ ಸಂಬಂಧವೂ ಇಲ್ಲ ಅಂತ ಇಲ್ಲಿ ರುಜು ಹಾಕಬೇಕು. ಹೋದ ಸಲ ಹಾಕಿದ್ದೆ, ಅದು ನಿಜವೂ ಆಗಿತ್ತು. ನಿನ್ನೆ ಬರುವಾಗ ಬರೀ ಕುತೂಹಲ ಅಂದುಕೊಂಡೇ ಬಂದೆ. ಮಂಚದ ಪಕ್ಕ ದೀಪ ನೋಡಿದ ಮೇಲೆ ಅಲ್ಲ ಅಂತ ಗೊತ್ತಾಯ್ತು. ಇವತ್ತು ಹಾಕಿದ್ರೆ ಸುಳ್ಳಾಗುತ್ತೆ."

ನೀರಿನ ಟ್ಯಾಂಕಿನೊಳಗೆ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು.

"ಸಂಬಂಧ ಇದೆ ಅಂತ ಬರೆದ್ರೆ, ಯಾವ ಬಗೆಯದು ಅಂತ ಇನ್ನೊಂದು ಕಾಲಂ ಇದೆ," ಅಂದ.

"ಏನು ಬರೀತೀರಿ?"

"ಇನ್ನೂ ಕೇಳಿಲ್ಲ, ಅಂತ."

ಅವಳು ಬಟ್ಟೆ ಹೊದ್ದ ದೀಪವೊಂದರ ಅಂಚನ್ನು ಸರಿಮಾಡುತ್ತ ನಿಂತಳು. ಬಟ್ಟೆ ಸರಿಯಾಗಿಯೇ ಇತ್ತು. ಅವನು ಮುಂದಿನದನ್ನು ಮೆಲ್ಲಗೆ ಹೇಳಿದ. ತಾನು ಏನೂ ಬರೆಯದೆ ಫೈಲು ಮಂಡಳಿಗೆ ವಾಪಸು ಕೊಡುತ್ತೇನೆ, ಹತ್ತು ದಿನದಲ್ಲಿ ಬೇರೆಯವರು ಬರುತ್ತಾರೆ, ಆಕೆ ಟ್ಯಾಂಕಿನೊಳಗೂ ಇಣುಕುವವರು. ಅಷ್ಟರೊಳಗೆ ಮಾವನಿಗೆ ನಿಜ ಹೇಳಬೇಕು ಅಂತ ಅರ್ಜಿಯ ಖಾಲಿ ಫಾರಂ ಒಂದನ್ನು ಅವಳ ಕೈಗಿಟ್ಟ. ವರದಿ ಮುಗಿಯುವವರೆಗೆ ತಾನು ಈ ಕಡೆ ತಲೆ ಹಾಕುವ ಹಾಗಿಲ್ಲ, ಫೋನೂ ಮಾಡುವ ಹಾಗಿಲ್ಲ. ಕೇಳುವುದನ್ನು ಆಮೇಲೆ ಕೇಳುತ್ತೇನೆ. ಚೀಲ ತೆಗೆದುಕೊಂಡು ಹೊರಟಾಗ ಮೆಟ್ಟಿಲ ತಲೆಯ ಬಾಗಿಲನ್ನು ಅವನು ಎಷ್ಟು ಮೆಲ್ಲಗೆ ಎಳೆದುಕೊಂಡ ಅಂದರೆ, ಹೋದದ್ದು ಅವಳಿಗೆ ತಿಳಿಯಲೇ ಇಲ್ಲ.

ಮಧ್ಯಾಹ್ನ ಮಾವನಿಗೆ ಹೇಳಿದಳು. ಕೌಂಟರಿನ ಈ ಕಡೆ ನಿಂತು, ಗಿರಾಕಿಯ ಹಾಗೆ. ಮಾವ ಕೇಳಿ ಮುಗಿಸಿ ಎದ್ದರು. ಬೇಡ ಮಾವ ಅಂದರೂ ಕೇಳದೆ ಕಂಬಿ ಹಿಡಿದುಕೊಂಡು, ಅಂತಸ್ತಿಗೊಮ್ಮೆ ನಿಂತು, ನಾಲ್ಕು ವರ್ಷದಲ್ಲಿ ಮೊದಲ ಸಲ ತಾರಸಿಯವರೆಗೆ ಹತ್ತಿದರು. ದೀಪಗಳ ಮುಂದೆ ಉಸಿರುಬಿಡುತ್ತ ನಿಂತರು.

"ನಿಮಗೆ ನೋವಾಗುತ್ತೆ ಅಂತ ಹೇಳಲಿಲ್ಲ ಮಾವ," ಅಂದಳು.

"ನೋವಾಗುತ್ತೆ ಅಂತ ಬಚ್ಚಿಡೋಕೆ ನಾನೇನು ಹೊರಗಿನವನಾ?" ಅಂದರು ಮಾವ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಆ ಅಜ್ಜಿ ನಿನ್ನೆ ಕೆಳಗೆ ಬಂದು ಬರೀತಿದ್ದದ್ದು ಇದಕ್ಕೇನಾ? ಅವರಿಗೋಸ್ಕರ ಅಂತ ಹೇಳಿ ಅವರನ್ನೇ ಕತ್ತಲಲ್ಲಿ ಕೂರಿಸಿದೀಯ. ದೀಪದ ಬುಡದಲ್ಲೇ ಕತ್ತಲೆ ಅಂದ್ರೆ ಇದೇ ಕಣೇ."

ಅವಳಿಗೆ ಹೊರಗಿನಿಂದ ಬಂದವನೊಬ್ಬನಿಗೆ ದೀಪ ಬಿಡಬೇಕು ಅನ್ನಿಸಿತ್ತು, ಹದಿಮೂರು ದಿನದಿಂದ ಕಣ್ಣೆದುರೇ ಇದ್ದ ಅಜ್ಜಿಗೆ ಬಿಡಬೇಕು ಅನ್ನಿಸಿರಲಿಲ್ಲ. ಅದು ಆಗ ಹೊಳೆದು ನಾಚಿಕೆಯಿಂದ ಕುಗ್ಗಿಹೋದಳು.

ಮಾವ ಒಂದು ದೀಪ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು, ಎರಡನೇ ಮಹಡಿಗೆ ಇಳಿದು ಅಜ್ಜಿಯ ಬಾಗಿಲು ತಟ್ಟಿದರು. ಆಸ್ಪತ್ರೆಯ ಜನರ ಹತ್ತಿರ ಬೀಗದ ಕೈ ಕೊಡುವಷ್ಟು ಬಿಟ್ಟರೆ ಒಂದು ಮಾತೂ ಆಡದ ಮನುಷ್ಯ. ಐದು ನಿಮಿಷದಲ್ಲಿ ಬರುತ್ತಾರೆ ಅಂದುಕೊಂಡರೆ ಒಂದು ಗಂಟೆಯಾದರೂ ಬರಲಿಲ್ಲ. ಅವಳು ಕೆಳಗೆ ಕೂತು ಚಡಪಡಿಸಿದಳು.

ಇಳಿದು ಬಂದಾಗ ಮಾವನ ಕಣ್ಣೇ ಕೆಂಪಾಗಿತ್ತು. ಕೌಂಟರಿನ ಹಿಂದೆ ಕೂತು ಎದುರಿನ ನಾಲ್ಕನೇ ಮಹಡಿಯ ಕಿಟಕಿ ನೋಡಿದರು.

"ಡಾಕ್ಟರು ಹೇಳಿದ್ದು ಒಂದೊಂದೂ ಬರೆದಿಟ್ಟಿದಾರೆ ಕಣೇ ಆಕೆ. ತಾರೀಖು ಹಾಕಿ. ಓದಿ ತೋರಿಸಿದ್ರು. ನಿಮ್ಮತ್ತೆ ಇದ್ದಾಗ ಡಾಕ್ಟರು ನನಗೆ ಏನೇನು ಹೇಳಿದ್ರೋ, ಒಂದೂ ನೆನಪಿಲ್ಲ. ನಾನೂ ಬರೆದಿಟ್ಕೊಂಡಿದ್ರೆ ಇವತ್ತಿಗೆ ಅದಾದ್ರೂ ಇರ್ತಿತ್ತು." ಕಿಟಕಿಯಿಂದ ಕಣ್ಣು ತೆಗೆದು ಕೈ ಚಾಚಿದರು. "ಎಲ್ಲಿ ಆ ಫಾರಂ, ಕೊಡು. ದೀಪ ರೂಮಲ್ಲೇ ಇರಲಿ. ಸ್ಟಾರ್ ಇರೋದು ಸಾಕು."

ಚೌಕದಲ್ಲಿ ಗುರುತು ಹಾಕಿ, ರುಜು ಮಾಡಿ, ಇನ್ನು ಆ ಖಾಲಿ ಜಾಗ ಉಜ್ಜಲು ನನ್ನ ಕೈಲಾಗಲ್ಲ, ಫಲಕದವನನ್ನು ಕರೆಸಿ ಕತ್ತರಿಸಿಬಿಡು ಅಂದರು. ಆಮೇಲೆ ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, ಆ ಗಡಿಯಾರದವನ ರೂಮಿನ ದೀಪ ಮಾತ್ರ ಯಾಕೆ ಮೇಲೆ ಹೋಗಿರಲಿಲ್ಲ ಅಂತ ಕೇಳಿದರು. ಅವಳು ಅಂದು ಆ ಹೋಟೆಲಿನ ಇತಿಹಾಸದಲ್ಲೇ ಮೊದಲ ಬಾರಿಗೆ ಒಂದು ಬಾಗಿಲನ್ನು ಧಡಾರೆಂದು ಹಾಕಿಕೊಂಡು ಒಳಗೆ ಹೋದಳು.

ಹತ್ತನೇ ದಿನ ಆ ಹೊಸ ತಪಾಸಣೆಯಾಕೆ ಬಂದರು, ಟ್ಯಾಂಕಿನೊಳಗೂ ಇಣುಕಿದರು. ಅವಳು ಹಳೆಯ ಆಟವನ್ನೆಲ್ಲ ಒಂದೂ ಬಿಡದೆ ಹೇಳಿದಳು. ಆಕೆ ಕಟುವಾಗಿ ನಾಲ್ಕು ಮಾತಾಡಿ, ಒಂದು ಎಚ್ಚರಿಕೆಯ ಪತ್ರ ಬರೆದು, ಎರಡು ಸ್ಟಾರು ಅಂತ ಷರಾ ಹಾಕಿ ಹೋದರು. ಅಜ್ಜಿ ಗಂಡನನ್ನು ಕರೆದುಕೊಂಡು ಊರಿಗೆ ಹೊರಟರು. ವರದಿ ಅಂಚೆಯಲ್ಲಿ ಬರುವಷ್ಟರಲ್ಲಿ ಇನ್ನೂ ಮೂರು ವಾರ ಕಳೆದವು. ಅಷ್ಟು ದಿನವೂ ಫೋನು ಗಣಗಣ ಅಂದಾಗೆಲ್ಲ ಅವಳು ಒಂದು ಗುಕ್ಕು ಉಸಿರು ಹಿಡಿದೇ ಎತ್ತುತ್ತಿದ್ದಳು. ಬಿಸಿನೀರು ಬರುತ್ತಾ, ಮಂಚ ಒಂದಾ ಎರಡಾ. ಒಂದು ಸಲವಂತೂ, ನಮ್ಮಲ್ಲಿ ರಿಸೆಪ್ಷನ್ ಹತ್ತಕ್ಕೆ ಮುಚ್ಚುತ್ತೆ, ಅಂತ ಕೇಳದವರಿಗೂ ಹೇಳಿಬಿಟ್ಟಳು.

ವರದಿ ಬಂದ ಮರುದಿನ ಬೆಳಿಗ್ಗೆ ಫೋನು ಬಂತು.

"ನಿಮ್ಮಲ್ಲಿ ರಿಸೆಪ್ಷನ್ ಎಷ್ಟು ಗಂಟೆಗೆ ಮುಚ್ಚುತ್ತೆ?"

ಅವಳು ಕುರ್ಚಿಯಲ್ಲಿ ಕೂತಳು.

"ಹತ್ತಕ್ಕೆ. ಯಾಕೆ, ಗಡಿಯಾರ ಕೊಂಡ್ಕೊಂಡ್ರಾ?"

"ಕೊಂಡ್ಕೊಂಡೆ. ರೂಮಲ್ಲಿ ಓದೋಕೆ ದೀಪ ಇದೆಯಾ?"

"ಹದಿನೆಂಟು ರೂಮಲ್ಲೂ ಇದೆ. ನಿಮಗೊಬ್ಬರಿಗೇ ಅಂತ ಈಗ ಏನೂ ಇಟ್ಟಿಲ್ಲ."

ಅವನು ಎಷ್ಟೋ ದಿನದಿಂದ ಹಿಡಿದಿಟ್ಟ ಮಾತಿನ ಹಾಗೆ ಮೆಲ್ಲಗೆ ಕೇಳಿದ.

"ಏನೂ ಇಲ್ವಾ?"

"ನಾನಿದೀನಲ್ಲ," ಅಂದಳು.

ಫೋನಿಟ್ಟು ರಿಜಿಸ್ಟರಿನಲ್ಲಿ ಹನ್ನೊಂದು ಅಂತ ಬರೆದಳು. ಮಾವ ಪೇಪರಿನ ಹಿಂದಿನಿಂದಲೇ, ಎಷ್ಟು ದಿನಕ್ಕಂತೆ ಅಂತ ಕೇಳಿದರು.

"ಕೇಳಲಿಲ್ಲ ಮಾವ," ಅಂದಳು ಅವಳು.